ಅಮೆರಿಕದಿಂದ ಟ್ಯೂಬ್ ಆಂಪ್ ತರಿಸಲೋ, ಇಲ್ಲೇ ಮಾಡೆಲರ್ ಕೊಳ್ಳಲೋ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿದ್ದು ಇಷ್ಟು. ಮೈಸೂರಿನಲ್ಲಿ ಬಾಡಿಗೆ ಮನೆ, ಪಕ್ಕದ ಮನೆಗೂ ನಿಮಗೂ ಒಂದೇ ಗೋಡೆ. ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೀರಿ, ಹಾಡಿಗೊಂದು ಸದ್ದು ಬೇಕು. ತಿಂಗಳಿಗೆ ಎರಡು ಶೋ, ಗಣೇಶನ ಹಬ್ಬದ ಹೊತ್ತಿಗೆ ಇನ್ನೂ ನಾಲ್ಕಾರು. ಅಮೆರಿಕದಲ್ಲಿರುವ ಅಣ್ಣ ಬರುವಾಗ ಫೆಂಡರ್ '65 ಡೀಲಕ್ಸ್ ರಿವರ್ಬ್ ಟ್ಯೂಬ್ ಆಂಪ್ (ಗಾಜಿನ ನಿರ್ವಾತ ಟ್ಯೂಬುಗಳಿಂದ ಸದ್ದು ಹೆಚ್ಚಿಸುವ ಗಿಟಾರ್ ಆಂಪ್ಲಿಫೈಯರ್) ತಂದುಕೊಡುತ್ತೇನೆ ಅಂದಿದ್ದಾರೆ. ಬ್ಯಾಂಡಿನ ಗೆಳೆಯರು ಮಾತ್ರ "ಮಾಡೆಲರ್ ತಗೋ, ಈಗ ವ್ಯತ್ಯಾಸವೇ ಇಲ್ಲ" ಅನ್ನುತ್ತಿದ್ದಾರೆ. ಮಾಡೆಲರ್ ಅಂದರೆ ಆಂಪುಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಸಾಧನ. ಯಾರ ಮಾತು ಕೇಳಬೇಕು?

ನಿಮ್ಮ ಪರಿಸ್ಥಿತಿಗೆ ಮಾಡೆಲರೇ ಸರಿ. ಆದರೆ ಗೆಳೆಯರು ಕೊಟ್ಟ ಕಾರಣ ತಪ್ಪು. ವ್ಯತ್ಯಾಸ ಇದೆ. ಹೆಚ್ಚಿನವರು ಅದನ್ನು ಟ್ಯೂಬಿನ ಒಳಗೆ ಹುಡುಕುತ್ತಾರೆ, ಅದು ಬಹುಪಾಲು ಇರುವುದು ಸ್ಪೀಕರಿನಲ್ಲಿ ಮತ್ತು ವಾಲ್ಯೂಮಿನಲ್ಲಿ. ಇದು ತಿಳಿಯದೆ ಮಾಡೆಲರ್ ಕೊಂಡವರು ಆರು ತಿಂಗಳಲ್ಲಿ ಬೇಸರಪಟ್ಟು ಮಾರುತ್ತಾರೆ.

ಟ್ಯೂಬ್ ಆಂಪ್ ಮುಂದೆ ನಿಂತಾಗ ನೀವು ಕೇಳುವುದು ಕೋಣೆಯಲ್ಲಿ 12 ಇಂಚಿನ ಕೋನ್ ತಳ್ಳುವ ಗಾಳಿಯನ್ನು. ಮಾಡೆಲರನ್ನು ಹೆಡ್‌ಫೋನಿನಲ್ಲೋ ಮಾನಿಟರಿನಲ್ಲೋ ಕೇಳಿದಾಗ ಕಿವಿಗೆ ಬೀಳುವುದು ಅದೇ ಕೋನ್ ಎದುರು ಮೈಕ್ ಇಟ್ಟು ರೆಕಾರ್ಡ್ ಮಾಡಿದ ಸದ್ದು. ಮೊದಲನೆಯದು ಕಣ್ಣೆದುರಿನ ಆಂಪ್, ಎರಡನೆಯದು ಆಂಪಿನ ರೆಕಾರ್ಡಿಂಗ್. ಇವೆರಡನ್ನು ಹೋಲಿಸಿ "ಡಿಜಿಟಲ್‌ಗೆ ಜೀವ ಇಲ್ಲ" ಅನ್ನುವುದು ನ್ಯಾಯವಲ್ಲ. ಅದೇ ಟ್ಯೂಬ್ ಆಂಪಿಗೆ ಮೈಕ್ ಇಟ್ಟು, ಬೇರೆ ಕೋಣೆಯಲ್ಲಿ ಕೂತು ಸ್ಟುಡಿಯೊ ಮಾನಿಟರಿನಲ್ಲಿ ಕೇಳಿದರೆ ಅದರ ಜೀವವೂ ಅಷ್ಟೇ ಕಡಿಮೆಯಾಗಿರುತ್ತದೆ.

ಇನ್ನೊಂದು ನಿಜವಾದ ವ್ಯತ್ಯಾಸದ ಬಗ್ಗೆ ಮಾತಾಡುವವರು ಕಡಿಮೆ. 8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಸ್ವರಕ್ಕೂ 8 ಓಮ್ ಇರುವುದಿಲ್ಲ. ಅದರ ರೆಸೊನೆನ್ಸ್ (ಕೋನ್ ತಾನಾಗಿ ಹೆಚ್ಚು ಕಂಪಿಸುವ ಸ್ವರ) ಹತ್ತಿರ, ಅಂದರೆ ಸುಮಾರು 75ರಿಂದ 110 ಹರ್ಟ್ಸ್ ಆಸುಪಾಸಿನಲ್ಲಿ, ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಹಲವು ಪಟ್ಟು ಏರುತ್ತದೆ. ತಾರಕದ ಕಡೆಗೆ ಹೋದಂತೆ ಮತ್ತೆ ನಿಧಾನವಾಗಿ ಏರುತ್ತದೆ. ಟ್ಯೂಬ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚು, ಹಾಗಾಗಿ ಸ್ಪೀಕರ್ ಎಲ್ಲಿ ಏರುತ್ತದೋ ಅಲ್ಲೆಲ್ಲ ಆಂಪಿನ ಸದ್ದೂ ಏರುತ್ತದೆ. ಬುಡದಲ್ಲಿ ಒಂದು ಗುಮ್ಮು, ಮೇಲೆ ಒಂದು ಹೊಳಪು ಸಿಗುವುದು ಅದರಿಂದ. ಟ್ರಾನ್ಸಿಸ್ಟರ್ ಅಥವಾ ಕ್ಲಾಸ್-ಡಿ ಪವರ್ ಆಂಪ್ ಈ ಏರಿಳಿತಕ್ಕೆ ಸೊಪ್ಪು ಹಾಕುವುದಿಲ್ಲ. ಮಾಡೆಲರಿನಿಂದ ಗಿಟಾರ್ ಕ್ಯಾಬಿನೆಟ್ ಓಡಿಸುವವರು "ಸಪ್ಪೆ" ಅನ್ನುವುದು ಇದಕ್ಕೇ. ಒಳ್ಳೆಯ ಮಾಡೆಲರುಗಳಲ್ಲಿ ಸ್ಪೀಕರ್ ಇಂಪೀಡೆನ್ಸ್ ಕರ್ವ್ ಎಂಬ ಸೆಟ್ಟಿಂಗ್ ಇರುತ್ತದೆ. ನಿಮ್ಮ ಕ್ಯಾಬಿನೆಟ್ಟಿಗೆ ಹತ್ತಿರದ್ದನ್ನು ಆರಿಸಿದರೆ ಅರ್ಧ ದೂರು ಅಲ್ಲೇ ತೀರುತ್ತದೆ.

ಈಗ ವಾಲ್ಯೂಮ್. ಗಿಟಾರಿನ 12 ಇಂಚಿನ ಸ್ಪೀಕರುಗಳು ಸಾಮಾನ್ಯವಾಗಿ 1 ವಾಟಿಗೆ 1 ಮೀಟರ್ ದೂರದಲ್ಲಿ 97ರಿಂದ 100 ಡೆಸಿಬಲ್ ಕೊಡುತ್ತವೆ. ಡೀಲಕ್ಸ್ ರಿವರ್ಬ್ 22 ವಾಟ್, ಅಂದರೆ ಇನ್ನೂ 13 ಡೆಸಿಬಲ್ ಮೇಲೆ, ಒಟ್ಟು 110 ದಾಟುತ್ತದೆ. ಆ ಆಂಪ್ ಚಂದವಾಗಿ ಒಡೆಯಲು (ಅಂದರೆ ಸದ್ದು ಡಿಸ್ಟಾರ್ಟ್ ಆಗಲು) ಶುರುವಾಗುವುದು ವಾಲ್ಯೂಮ್ 5ರ ಸುತ್ತ. ಅಷ್ಟು ಹೊತ್ತಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿರುತ್ತಾರೆ. ನಮ್ಮ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ನಂತರ 45 ಡೆಸಿಬಲ್ ಮಿತಿ. "5 ವಾಟಿನದ್ದು ತಗೊಂಡರೆ?" ಎಂದರೆ ಲೆಕ್ಕ ಹಾಗೆ ನಡೆಯುವುದಿಲ್ಲ. ಕಿವಿಗೆ ಸದ್ದು ಅರ್ಧ ಅನ್ನಿಸಬೇಕಾದರೆ ವಾಟ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು. 0.2 ವಾಟಿಗೆ ಇಳಿಸಿದರೂ ಒಂದು ಮೀಟರಿನಲ್ಲಿ 90 ಡೆಸಿಬಲ್ ಇರುತ್ತದೆ, ಅದು ಮನೆಗೆ ಜೋರೇ. ಸ್ಪೀಕರಿಗೂ ಆಂಪಿಗೂ ನಡುವೆ ಅಟೆನ್ಯುಯೇಟರ್ ಹಾಕಬಹುದು, ಆದರೆ 15–20 ಡೆಸಿಬಲ್‌ಗಿಂತ ಹೆಚ್ಚು ತಗ್ಗಿಸಿದರೆ ಸದ್ದು ಮಂಕಾಗುತ್ತದೆ. ಅದರಲ್ಲಿ ಅಟೆನ್ಯುಯೇಟರಿನ ತಪ್ಪಿಗಿಂತ ಕಿವಿಯ ಸ್ವಭಾವವೇ ಹೆಚ್ಚು: ಸಣ್ಣ ಸದ್ದಿನಲ್ಲಿ ನಮಗೆ ಮಂದ್ರವೂ ತಾರಕವೂ ಕಡಿಮೆ ಕೇಳುತ್ತವೆ.

ಕಿವಿಯ ಈ ಸ್ವಭಾವವೇ ಮಾಡೆಲರ್ ಬಳಸುವವರಿಗೂ ದೊಡ್ಡ ಬಲೆ. ಮನೆಯಲ್ಲಿ ಸಣ್ಣಗೆ ಇಟ್ಟು ಪ್ಯಾಚ್ (ಉಳಿಸಿಡುವ ಒಂದು ಸದ್ದಿನ ಸೆಟ್ಟಿಂಗ್) ಮಾಡುತ್ತಾರೆ, ಬಾಸ್ ಸಾಲದು ಅಂತ ಏರಿಸುತ್ತಾರೆ, ಟ್ರೆಬಲ್ ಏರಿಸುತ್ತಾರೆ. ಅದೇ ಪ್ಯಾಚ್ ಸ್ಟೇಜಿನಲ್ಲಿ 95 ಡೆಸಿಬಲ್‌ನಲ್ಲಿ ಬಂದಾಗ ಕೆಳಗೆ ಗುಂಯ್ ಗುಂಯ್, ಮೇಲೆ ಕಿವಿ ಕೊರೆಯುವ ಕರ್ಕಶ. ಬೈಗುಳ ಮಾತ್ರ ಡಿಜಿಟಲ್‌ಗೆ. ಪ್ಯಾಚಿನ ಕೊನೆಯ ಹೊಂದಿಸುವಿಕೆಯನ್ನು ರಿಹರ್ಸಲ್ ಕೋಣೆಯಲ್ಲೇ ಮಾಡಿ, ಡ್ರಮ್ಸ್ ಜೊತೆ, ಫೋನಿನ ಡೆಸಿಬಲ್ ಮೀಟರ್ 85ರಿಂದ 90 ತೋರಿಸುವಾಗ. ಕ್ಲೀನ್, ಡ್ರೈವ್, ಸೋಲೊ ಮೂರರ ಮಟ್ಟವನ್ನೂ ಅಲ್ಲೇ ಕಿವಿಯಿಂದ ಸರಿಮಾಡಿ. ಸೋಲೊಗೆ 3–4 ಡೆಸಿಬಲ್ ಹೆಚ್ಚು ಸಾಕು.

ಪ್ಯಾಚ್ ಮಾಡುವಾಗ ಮೊದಲು ಕೈಹಾಕಬೇಕಾದ್ದು ಆಂಪ್ ಮಾಡೆಲಿಗಲ್ಲ, ಕ್ಯಾಬ್ ಬ್ಲಾಕಿಗೆ, ಅಂದರೆ ಸ್ಪೀಕರ್ ಪೆಟ್ಟಿಗೆಯನ್ನೂ ಅದರೆದುರಿನ ಮೈಕನ್ನೂ ಅನುಕರಿಸುವ ಭಾಗಕ್ಕೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೊಹರ್ಟ್ಸ್ ದಾಟಿದ ಮೇಲೆ ತೀವ್ರವಾಗಿ ಇಳಿಯುತ್ತದೆ. ಪಿಎ (ಸಭೆಗೆ ಕೇಳಿಸುವ) ಸ್ಪೀಕರ್ 16–18 ಕಿಲೊಹರ್ಟ್ಸ್ ತನಕ ಹೋಗುತ್ತದೆ. ಹಾಗಾಗಿ ಲೋ ಕಟ್ 80ರಿಂದ 100 ಹರ್ಟ್ಸ್, ಹೈ ಕಟ್ 6ರಿಂದ 7 ಕಿಲೊಹರ್ಟ್ಸ್ ಇಟ್ಟು ಶುರುಮಾಡಿ. ಆಮೇಲೆ ಮೈಕಿನ ಜಾಗ. ಕೋನಿನ ನಟ್ಟನಡುವೆ ಇರುವ ಮೈಕ್ ಚುಚ್ಚುತ್ತದೆ. ಅದನ್ನು ಡಸ್ಟ್ ಕ್ಯಾಪಿನ ಅಂಚಿಗೆ, ಅಂದರೆ ನಡುವಿನಿಂದ ಎರಡು ಮೂರು ಸೆಂಟಿಮೀಟರ್ ಆಚೆ ಸರಿಸಿ, ಒಂದೇ ಕಾರ್ಡ್ ಬಾರಿಸುತ್ತಾ ಕೇಳಿ. ಟ್ರೆಬಲ್ ನಾಬ್ ತಿರುಗಿಸಿ ಅರ್ಧ ಗಂಟೆ ಸಿಗದಿದ್ದದ್ದು ಇಲ್ಲಿ ಒಂದು ನಿಮಿಷದಲ್ಲಿ ಸಿಗುತ್ತದೆ. ಇದನ್ನು ದಯವಿಟ್ಟು ಮಾಡಿ ನೋಡಿ. ಫ್ಯಾಕ್ಟರಿ ಪ್ಯಾಚ್ ಕೇಳಿ ಮಾಡೆಲರನ್ನೇ ತಿರಸ್ಕರಿಸಿದವರಲ್ಲಿ ಹೆಚ್ಚಿನವರು ಈ ಒಂದು ಪುಟವನ್ನು ತೆರೆದೇ ಇರುವುದಿಲ್ಲ.

ಕ್ಯಾಬ್ ಬ್ಲಾಕ್ ಯಾವಾಗ ಆನ್, ಯಾವಾಗ ಆಫ್ ಎಂಬಲ್ಲೂ ತುಂಬ ಜನ ಎಡವುತ್ತಾರೆ. ಮಿಕ್ಸರ್, ಪವರ್ಡ್ ಸ್ಪೀಕರ್, ಹೆಡ್‌ಫೋನ್ ಯಾವುದಕ್ಕೆ ಹೋದರೂ ಆನ್. ಗಿಟಾರ್ ಆಂಪಿನ ಹಿಂದಿನ ಎಫೆಕ್ಟ್ಸ್ ರಿಟರ್ನಿಗೆ (ಪ್ರಿಆಂಪ್ ದಾಟಿ ನೇರ ಪವರ್ ಆಂಪಿಗೆ ಹೋಗುವ ಸಾಕೆಟ್) ಹೋದರೆ ಆಫ್, ಯಾಕೆಂದರೆ ನಿಜವಾದ ಸ್ಪೀಕರ್ ಅಲ್ಲೇ ಇದೆ. ಆಂಪಿನ ಮುಂದಿನ ಇನ್‌ಪುಟ್ಟಿಗೆ ಚುಚ್ಚುವುದಾದರೆ ಆಂಪ್ ಮಾಡೆಲನ್ನೂ ತೆಗೆದು ಬರೀ ಎಫೆಕ್ಟುಗಳನ್ನು ಬಳಸಿ, ಇಲ್ಲದಿದ್ದರೆ ಪ್ರಿಆಂಪ್ ಮೇಲೆ ಪ್ರಿಆಂಪ್ ಕೂತು ಸದ್ದು ಕಿವುಚಿದಂತಾಗುತ್ತದೆ. ಹೆಡ್‌ಫೋನ್ ತಂತಿಯದ್ದೇ ಆಗಿರಲಿ. ಸಾಧಾರಣ ಬ್ಲೂಟೂತ್ ಹೆಡ್‌ಫೋನಿನಲ್ಲಿ 100 ಮಿಲಿಸೆಕೆಂಡಿಗೂ ಮೀರಿದ ವಿಳಂಬ ಇರುತ್ತದೆ, ಅದರಲ್ಲಿ ನುಡಿಸಲು ಸಾಧ್ಯವೇ ಇಲ್ಲ. ಮಾಡೆಲರಿನದ್ದೇ ವಿಳಂಬ 2–3 ಮಿಲಿಸೆಕೆಂಡ್, ಅಂದರೆ ಆಂಪಿನಿಂದ ಒಂದು ಮೀಟರ್ ದೂರ ನಿಂತಷ್ಟೇ. ಅದರ ಚಿಂತೆ ಬೇಡ.

ಮಾಡೆಲರುಗಳಲ್ಲೂ ಎರಡು ಬಗೆ. ಒಂದರಲ್ಲಿ ಸರ್ಕ್ಯೂಟನ್ನೇ ಲೆಕ್ಕದಲ್ಲಿ ಕಟ್ಟಿರುತ್ತಾರೆ. 2006ರ ಆಕ್ಸ್-ಎಫ್ಎಕ್ಸ್, 2015ರ ಹೀಲಿಕ್ಸ್ ಈ ದಾರಿಯವು. ಇನ್ನೊಂದು ಇರುವ ಆಂಪಿನ ಸದ್ದನ್ನು ಹಿಡಿದಿಡುವ ಬಗೆ. ಕೆಂಪರ್ ಇದನ್ನು ಜನಪ್ರಿಯ ಮಾಡಿತು, ಈಗ ಕ್ವಾಡ್ ಕಾರ್ಟೆಕ್ಸ್ ಮತ್ತು ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ಅದೇ ಕೆಲಸ ಮಾಡುತ್ತವೆ. ಹಿಡಿದಿಟ್ಟ ಸದ್ದು ಬೆರಗಾಗುವಷ್ಟು ನಿಖರ, ಆದರೆ ಸಾಮಾನ್ಯವಾಗಿ ಅದು ನಾಬುಗಳ ಒಂದೇ ಸ್ಥಿತಿಯ ಫೋಟೊ. ಆಮೇಲೆ ಬಾಸ್ ತಿರುಗಿಸಿದರೆ ಅದು ಮೂಲ ಆಂಪಿನ ಬಾಸ್ ಅಲ್ಲ. ನೀವು ಹಾಡಿಗೊಂದು ಸದ್ದು ಬದಲಿಸುವವರಾದ್ದರಿಂದ ಮೊದಲನೇ ಬಗೆಯದ್ದನ್ನು ನೋಡಿ.

ಇನ್ನು ಅಣ್ಣ ತರುವ ಆಂಪಿನ ವಿಷಯ. ಅಮೆರಿಕದಲ್ಲಿ ಮಾರುವ ಟ್ಯೂಬ್ ಆಂಪಿನ ಪವರ್ ಟ್ರಾನ್ಸ್‌ಫಾರ್ಮರ್ 120 ವೋಲ್ಟ್, 60 ಹರ್ಟ್ಸ್‌ಗೆ ಸುತ್ತಿದ್ದು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಿಸಿ ನೇರ ಚುಚ್ಚಿದರೆ 6.3 ವೋಲ್ಟ್ ಬೇಕಾದ ಹೀಟರಿಗೆ (ಟ್ಯೂಬನ್ನು ಕಾಯಿಸುವ ತಂತಿ) 12 ಹೋಗುತ್ತದೆ, 420ರ ಸುತ್ತ ಇರಬೇಕಾದ ಪ್ಲೇಟ್ ವೋಲ್ಟೇಜ್ 800ರ ಕಡೆ ಓಡುತ್ತದೆ. ಬರೀ ಫ್ಯೂಸ್ ಹೋದರೆ ಪುಣ್ಯ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆಂಪಿನ ಹಿಂದೆ ಬರೆದಿರುವ ವಾಟಿಗಿಂತ ಕನಿಷ್ಠ ಎರಡು ಪಟ್ಟಿನದ್ದು ತಗೊಳ್ಳಿ; 500 ವಿಎ ಇದ್ದರೆ ನಿಶ್ಚಿಂತೆ. ಅಂಗಡಿಯಲ್ಲಿ ಸಿಗುವುದು ಬಹುಪಾಲು 230ರಿಂದ 110. ಅದು ನಡೆಯುತ್ತದೆ, ರಾತ್ರಿ ಲೈನ್ 245ಕ್ಕೆ ಏರಿದಾಗಲೂ ಅದು ಕೊಡುವುದು 117. ಆದರೆ ಅದರ ಔಟ್‌ಪುಟ್ ಸಾಕೆಟ್ ಮೂರು ಪಿನ್ನಿನದ್ದಾಗಿರಬೇಕು, ಮತ್ತು ಅರ್ಥ್ ತಂತಿ ಗೋಡೆಯಿಂದ ಆಂಪಿನ ಚಾಸಿಸ್ ತನಕ ನಿಜವಾಗಿ ಹೋಗಿರಬೇಕು. ಮಲ್ಟಿಮೀಟರಿನಲ್ಲಿ ಕಂಟಿನ್ಯುಯಿಟಿ ನೋಡಿಯೇ ಬಳಸಿ. ಎರಡು ಪಿನ್ನಿನ ಸ್ಟೆಪ್‌ಡೌನ್‌ನಲ್ಲಿ ಆಂಪ್ ಓಡಿಸುತ್ತಾ, ಬೆರಳು ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಾಗಿದರೆ ಹೊಡೆಯುವ ಶಾಕ್ ಜೀವಕ್ಕೇ ಎರವಾಗಬಹುದು. ಇದರಲ್ಲಿ ಅಡ್ಜಸ್ಟ್ ಮಾಡಿಕೊಳ್ಳುವ ಮಾತೇ ಇಲ್ಲ.

ಪೆಂಡಾಲಿನ ಜೆನರೇಟರ್ ಇನ್ನೊಂದು ತಲೆನೋವು. ಲೈಟಿನವರು ಲೋಡ್ ಹಾಕಿದಾಗಲೆಲ್ಲ ವೋಲ್ಟೇಜ್ ಕುಣಿಯುತ್ತದೆ. ಹೀಟರ್ 6.3ಕ್ಕೆ ಶೇಕಡಾ 10ರಷ್ಟು ಹೆಚ್ಚುಕಮ್ಮಿ ತಡೆಯುತ್ತದೆ, ಅದಕ್ಕಿಂತ ಆಚೆ ಟ್ಯೂಬಿನ ಆಯಸ್ಸು ಕರಗುತ್ತದೆ. ಸರ್ವೊ ಸ್ಟೆಬಿಲೈಸರ್ ಇದ್ದರೆ ಒಳ್ಳೆಯದು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ಯೂಬ್ ಆಂಪ್ ಜೀರುಂಡೆಯ ಹಾಗೆ ಗುಯ್‌ಗುಡುತ್ತದೆ. ಮಾಡೆಲರಿನ ಕಷ್ಟ ಬೇರೆ: ಕರೆಂಟ್ ಒಂದು ಕ್ಷಣ ಮಿನುಗಿದರೂ ರೀಬೂಟ್ ಆಗುತ್ತದೆ, ಹಾಡಿನ ನಡುವೆ ಅರ್ಧ ನಿಮಿಷ ಮೌನ. ಕಂಪ್ಯೂಟರಿನ ಒಂದು ಸಣ್ಣ ಯುಪಿಎಸ್ ಇದಕ್ಕೆ ಸಾಕು. ಟ್ಯೂಬ್ ಆಂಪ್ ಅಂಥ ಒಂದು ಕ್ಷಣವನ್ನು ಏನೂ ಆಗದ ಹಾಗೆ ದಾಟಿಬಿಡುತ್ತದೆ.

ಇಷ್ಟಾದರೂ ಡೀಲಕ್ಸೇ ಬೇಕು ಎಂದು ಮನಸ್ಸು ಹಟ ಹಿಡಿದರೆ ನಾನು ತಡೆಯುವುದಿಲ್ಲ. ಗಿಟಾರಿನ ವಾಲ್ಯೂಮ್ 10ರಿಂದ 6ಕ್ಕೆ ಇಳಿಸಿದಾಗ ಅದು ತಿಳಿಯಾಗುವ ಬಗೆ, ಜೋರಾಗಿ ಬಾರಿಸಿದಾಗ 5ಎಆರ್4 ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಟ್ಯೂಬ್) ಒಂದಿಷ್ಟು ಬಗ್ಗಿ ಮತ್ತೆ ಎದ್ದು ಬರುವ ಬಗೆ, ಇವಕ್ಕೆ ಮನಸೋಲುವುದು ಸಹಜ. ಜೊತೆಗೆ ಇಟ್ಟುಕೊಳ್ಳಬೇಕಾದ್ದು: ಮ್ಯಾಚ್ ಮಾಡಿದ 6ವಿ6 ಪವರ್ ಟ್ಯೂಬ್ ಒಂದು ಜೋಡಿ, ಸಣ್ಣ ಟ್ಯೂಬುಗಳಲ್ಲಿ 12ಎಎಕ್ಸ್7 ಒಂದು, 12ಎಟಿ7 ಒಂದು, ಚಾಸಿಸ್ ಮೇಲೆ ಬರೆದ ರೇಟಿಂಗಿನ ಸ್ಲೋ-ಬ್ಲೋ ಫ್ಯೂಸ್ ನಾಲ್ಕು. ಕಿಣಿಕಿಣಿ ಸದ್ದು ಬಂದರೆ ಪೆನ್ಸಿಲಿನಿಂದ ಒಂದೊಂದೇ ಟ್ಯೂಬನ್ನು ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಗಂಟೆಯ ಹಾಗೆ ಮೊಳಗುವುದೇ ಕೆಟ್ಟದ್ದು. ಹಿಂದಿನಿಂದ ನೋಡಿದಾಗ ಬಲತುದಿಯದ್ದು ನಾರ್ಮಲ್ ಚಾನೆಲಿನ ಟ್ಯೂಬ್. ನೀವು ರಿವರ್ಬ್ ಇರುವ ಚಾನೆಲ್ ಬಳಸುವವರಾದ್ದರಿಂದ, ಶೋ ನಡುವೆ ಎರಡನೆಯದು ಕೈಕೊಟ್ಟರೆ ಮೊದಲನೆಯದನ್ನು ಕಿತ್ತು ಅಲ್ಲಿಗೆ ಹಾಕಿ ಮುಗಿಸಬಹುದು. ಪವರ್ ಟ್ಯೂಬ್ ಬದಲಿಸಿದರೆ ಬಯಾಸ್ (ನುಡಿಸದಿರುವಾಗಲೂ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ) ನೋಡಿಸಬೇಕು: 14 ವಾಟಿನ 6ವಿ6ಗೆ 420 ವೋಲ್ಟಿನಲ್ಲಿ ಶೇಕಡಾ 70 ಎಂದರೆ ಟ್ಯೂಬಿಗೆ 23 ಮಿಲಿಆಂಪಿಯರ್, ಅದಕ್ಕೆ ಮೀರದಿರಲಿ. ಪ್ಲೇಟ್ ಕೆಂಪಗೆ ಕಾದರೆ ತಕ್ಷಣ ಆಫ್ ಮಾಡಿ. ಸ್ಪೀಕರ್ ತಂತಿ ಬಿಚ್ಚಿಟ್ಟು ನುಡಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಚಾಸಿಸ್ ಒಳಗೆ ಮಾತ್ರ ಕೈಹಾಕಬೇಡಿ. ಆಫ್ ಮಾಡಿದ ಮೇಲೂ ಕೆಪಾಸಿಟರುಗಳಲ್ಲಿ 400 ವೋಲ್ಟ್ ಉಳಿದಿರಬಹುದು.

ಎರಡರ ನಡುವಿನ ದಾರಿಯೂ ಇದೆ. ಫೆಂಡರ್ 2019ರಲ್ಲಿ ಇದೇ ಆಂಪನ್ನು ಟೋನ್ ಮಾಸ್ಟರ್ ಹೆಸರಿನಲ್ಲಿ ಡಿಜಿಟಲ್ ಆಗಿ ತಂದಿತು. ಟ್ಯೂಬಿನದ್ದು 19 ಕಿಲೊ, ಇದು ಹತ್ತೂವರೆ. ಒಳಗೆ 100 ವಾಟಿನ ಪವರ್ ಆಂಪ್ ಇಟ್ಟಿದ್ದಾರೆ, ಯಾಕೆಂದರೆ 22 ಟ್ಯೂಬ್ ವಾಟ್ ಮೆಲ್ಲಗೆ ಒಡೆಯುವ ಕಡೆ ಟ್ರಾನ್ಸಿಸ್ಟರ್ ಒಡೆದರೆ ಅಸಹ್ಯ. ಅದು ಒಡೆಯದಷ್ಟು ಜಾಗ ಬೇಕು. ಹಿಂದೆ 0.2 ವಾಟ್ ತನಕ ಇಳಿಸುವ ಸ್ವಿಚ್ ಇದೆ, ನೇರ ಮಿಕ್ಸರಿಗೆ ಹೋಗುವ ಔಟ್ ಇದೆ. ಒಂದೇ ಸದ್ದು, ಅದೂ ಫೆಂಡರ್ ಕ್ಲೀನ್ ಸಾಕು ಅನ್ನುವವರಿಗೆ ಸೊಗಸಾದ ಆಯ್ಕೆ. ಆರ್ಕೆಸ್ಟ್ರಾದಲ್ಲಿ ಹತ್ತು ಬಗೆಯ ಹಾಡು ನುಡಿಸುವ ನಿಮಗೆ ಸಾಲದು.

ನನ್ನ ಸಲಹೆ: ಬಜೆಟ್ಟಿನ ಮೂರರಲ್ಲಿ ಎರಡು ಪಾಲು ಮಾಡೆಲರಿಗೆ, ಉಳಿದದ್ದು 10 ಅಥವಾ 12 ಇಂಚಿನ ಒಂದು ಪವರ್ಡ್ ಸ್ಪೀಕರಿಗೆ. ಸ್ಪೀಕರನ್ನು ನೆಲದಲ್ಲಿ ಬೆನ್ನಹಿಂದೆ, ಓರೆಯಾಗಿ ಮುಖಕ್ಕೆ ತಿರುಗಿಸಿ ಇಡಿ. ಆಂಪ್ ಮುಂದೆ ನಿಂತ ಅನುಭವ ಬಹುಪಾಲು ಮರಳುತ್ತದೆ, ಫೀಡ್‌ಬ್ಯಾಕ್ ಕೂಡ ಸಿಗುತ್ತದೆ. ಅಂಗಡಿಯಲ್ಲಿ ಪರೀಕ್ಷಿಸುವಾಗ ನಿಮ್ಮದೇ ಗಿಟಾರ್ ಒಯ್ಯಿರಿ, ಟ್ಯೂಬ್ ಆಂಪನ್ನೂ ಮಾಡೆಲರನ್ನೂ ಒಂದೇ ಕ್ಯಾಬಿನೆಟ್ಟಿನಲ್ಲಿ, ಡೆಸಿಬಲ್ ಮೀಟರಿನಲ್ಲಿ ಒಂದೇ ಮಟ್ಟಕ್ಕೆ ತಂದು ಕೇಳಿ. ಒಂದು ಡೆಸಿಬಲ್ ಜೋರಿದ್ದದ್ದೇ ಕಿವಿಗೆ "ಚೆನ್ನಾಗಿದೆ" ಅನ್ನಿಸಿಬಿಡುತ್ತದೆ.

ಶೋ ದಿನ ಸೌಂಡಿನವರಿಗೆ ಎರಡು ಮಾತು ಹೇಳಿ: ನಿಮ್ಮ ಚಾನೆಲ್ಲಿನ 48 ವೋಲ್ಟ್ ಫ್ಯಾಂಟಮ್ (ಮಿಕ್ಸರಿನಿಂದ ಮೈಕಿಗೆ ಹೋಗುವ ವಿದ್ಯುತ್) ಆಫ್ ಇರಲಿ, ಈಕ್ಯೂ ಸಪಾಟಾಗಿರಲಿ. ಹಮ್ ಬಂದರೆ ಮಾಡೆಲರಿನ ಗ್ರೌಂಡ್ ಲಿಫ್ಟ್ ಒತ್ತಿ, ಪ್ಲಗ್ಗಿನ ಅರ್ಥ್ ಪಿನ್ ಮುರಿಯಲು ಯಾರನ್ನೂ ಬಿಡಬೇಡಿ. ಪ್ಯಾಚುಗಳ ಬ್ಯಾಕಪ್ ಲ್ಯಾಪ್‌ಟಾಪಿನಲ್ಲಿರಲಿ, ಶೋ ಇರುವ ವಾರ ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಡಿ. ಅಡಾಪ್ಟರಿನಲ್ಲಿ ಓಡುವ ಮಾಡೆಲರಾದರೆ ಅದೇ ವೋಲ್ಟೇಜ್, ಅದೇ ಪೋಲಾರಿಟಿ, ಅಷ್ಟೇ ಅಥವಾ ಹೆಚ್ಚು ಆಂಪಿಯರ್ ಇರುವ ಇನ್ನೊಂದು ಅಡಾಪ್ಟರ್ ಬ್ಯಾಗಿನಲ್ಲಿರಲಿ. ಅಣ್ಣನ ಕೈಯಲ್ಲೇ ಮಾಡೆಲರ್ ತರಿಸುವುದಾದರೂ ಆಗಬಹುದು. ಅಡಾಪ್ಟರ್ ಅಥವಾ ಹಿಂಬದಿಯ ಫಲಕದ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದಿದೆಯೇ ಎಂದು ಕೊಳ್ಳುವ ಮೊದಲೇ ಒಂದು ಫೋಟೊ ಕಳಿಸಲು ಹೇಳಿ.