ಆರನೇ ಪುಟದಿಂದ ಶುರು ಮಾಡಿ

ನಮಸ್ಕಾರ,

ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಬರೆಯುವವರು ಇದ್ದ ಒಂದು ಬಾಡಿಗೆ ಮನೆಯ ಬಗ್ಗೆ ನೀವು ಬರೆದ ‘ಮಾಂಗಾ ಲೋಕದ ಗುರುಕುಲ’ ಲೇಖನ ಕೈಸೇರಿ ಮೂರು ವಾರ ಆಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮಿಸಿ. ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ.

ನೇರವಾಗಿ ಹೇಳುತ್ತೇನೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ಒಂದು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸು ಒಪ್ಪಲಿಲ್ಲ. ನೀವು ಕಳಿಸಿದ ಹತ್ತು ಪುಟಗಳ ಒಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಆರನೇ ಪುಟದಲ್ಲಿದೆ. ಅಲ್ಲಿ ಕೇವಲ ನಾಲ್ಕು ಸಾಲು ಇದೆ.

ಮೊದಲ ಐದು ಪುಟಗಳನ್ನು ತೆಗೆದುಬಿಡಿ. ಜಪಾನಿನ ಹಳೇ ಚಿತ್ರಸುರುಳಿಗಳಿಂದ ಹಿಡಿದು ಮಹಾಯುದ್ಧದವರೆಗಿನ ಚರಿತ್ರೆಗೆ ಇಲ್ಲಿ ಕೆಲಸವಿಲ್ಲ. ಟೋಕಿಯೋದ ತೋಶಿಮಾ ವಾರ್ಡಿನಲ್ಲಿ 1952ರಲ್ಲಿ ಕಟ್ಟಿದ ಎರಡು ಅಂತಸ್ತಿನ ಮರದ ಮನೆ, ಅದರ ಹೆಸರು ಟೋಕಿವಾ-ಸೋ. ಅದರ ಮಹಡಿಯ ಕೋಣೆಗಳಲ್ಲಿ ಒಂದಷ್ಟು ಹುಡುಗರು ಬಾಡಿಗೆಗೆ ಇದ್ದು ಮಾಂಗಾ ಬರೆಯುತ್ತಿದ್ದರು. ಇಷ್ಟು ಗೊತ್ತಾದರೆ ಓದುಗ ಒಳಗೆ ಬರುತ್ತಾನೆ.

ಇನ್ನು ತಪ್ಪುಗಳು. ತೆಜುಕಾ ಒಸಾಮು ಎಂಬ ವೃದ್ಧ ಗುರು ಎಲ್ಲ ಶಿಷ್ಯರನ್ನೂ ಒಂದೇ ಸೂರಿನಡಿ ಇಟ್ಟುಕೊಂಡು ಕಲಿಸಿದರು ಎಂದು ಬರೆದಿದ್ದೀರಿ. ಹಾಗೆ ಆಗಲಿಲ್ಲ. ಮಾಂಗಾ ಬರೆಯುತ್ತಿದ್ದ ತೆಜುಕಾ ಆ ಮನೆಗೆ ಬಂದದ್ದು 1953ರ ಶುರುವಿನಲ್ಲಿ, ಬಿಟ್ಟದ್ದು 1954ರ ಅಕ್ಟೋಬರಿನಲ್ಲಿ. ಆಗ ಅವರಿಗೆ ಇನ್ನೂ 25 ವರ್ಷ. ಇಶಿನೊಮೊರಿ ಶೋತಾರೊ, ಅಕಾತ್ಸುಕಾ ಫುಜಿಯೊ ಎಂಬ ಕಿರಿಯ ಮಾಂಗಾಕಾರರು ಅಲ್ಲಿಗೆ ಬಂದದ್ದು 1956ರಲ್ಲಿ. ಅಂದರೆ ಇವರಿಬ್ಬರೂ ತೆಜುಕಾ ಜೊತೆ ಆ ಮನೆಯಲ್ಲಿ ಒಂದು ದಿನವೂ ಇರಲಿಲ್ಲ.

ಆದರೂ ತೆಜುಕಾ ಮಾಡಿದ್ದು ಸಣ್ಣದಲ್ಲ. ಫುಜಿಮೊತೊ ಹಿರೋಶಿ ಮತ್ತು ಅಬಿಕೊ ಮೊತೊವೊ ಎಂಬ ಇಬ್ಬರು ಗೆಳೆಯರು ತೊಯಾಮಾ ಕಡೆಯಿಂದ ಟೋಕಿಯೋಗೆ ಬಂದಿದ್ದರು. ಫುಜಿಕೊ ಫುಜಿಯೊ ಎಂಬ ಒಂದೇ ಹೆಸರಿನಲ್ಲಿ ಇಬ್ಬರೂ ಬರೆಯುತ್ತಿದ್ದರು. ತೆಜುಕಾ ತಮ್ಮ ಕೋಣೆಯನ್ನು ಇವರಿಗೆ ಬಿಟ್ಟುಕೊಟ್ಟರು. ತಿಂಗಳ ಬಾಡಿಗೆ 3,000 ಯೆನ್, ಅಡ್ವಾನ್ಸ್ 30,000 ಯೆನ್. ನಮ್ಮ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಲೆಕ್ಕವೇ, ಅಲ್ವಾ? ಅದನ್ನು ಹೊಂದಿಸುವ ಶಕ್ತಿ ಆ ಹುಡುಗರಿಗೆ ಇರಲಿಲ್ಲ. ತೆಜುಕಾ ತಾವು ಕಟ್ಟಿದ್ದ ಅಡ್ವಾನ್ಸನ್ನು ಹಾಗೇ ಬಿಟ್ಟು ಹೋದರು. ತಮ್ಮ ಬರೆಯುವ ಮೇಜನ್ನೂ ಬಿಟ್ಟರು. ನಿಮ್ಮ ಲೇಖನದಲ್ಲಿ ‘ಕರುಣಾಮಯಿ’ ಎಂಬ ಮಾತು ನಾಲ್ಕು ಸಲ ಬಂದಿದೆ, ಆದರೆ ಈ ಅಡ್ವಾನ್ಸ್ ವಿಷಯ ಒಂದು ಸಲವೂ ಬಂದಿಲ್ಲ. ಆ ನಾಲ್ಕನ್ನೂ ಹೊಡೆದು 30,000 ಯೆನ್ ಮತ್ತು ಮೇಜನ್ನು ಇಡಿ. ಬಾಡಿಗೆ ಮನೆ ಹುಡುಕಿದ ಯಾರಿಗಾದರೂ ಆ ಮನುಷ್ಯ ಎಂಥವರೆಂದು ಗೊತ್ತಾಗುತ್ತದೆ.

ಬಡತನದ ಬಗ್ಗೆಯೂ ಹೀಗೇ. ‘ಹಸಿವಿನಲ್ಲೂ ಅರಳಿದ ಕಲೆ’ ಅಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಕೋಣೆ ನಾಲ್ಕೂವರೆ ಚಾಪೆಯಷ್ಟು, ಸುಮಾರು ಒಂಬತ್ತು ಅಡಿಗೆ ಒಂಬತ್ತು ಅಡಿ. ಮಲಗುವುದು, ಬರೆಯುವುದು, ತಿನ್ನುವುದು ಎಲ್ಲ ಅಲ್ಲೇ. ಅಡುಗೆಮನೆ, ಶೌಚಾಲಯ ಎಲ್ಲರಿಗೂ ಸೇರಿ. ಸ್ನಾನದ ಮನೆ ಇಲ್ಲ, ಬೀದಿಯ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಬೇಕು. ಇದನ್ನು ಹೀಗೇ ಬರೆಯಿರಿ. ಅಯ್ಯೋ ಪಾಪ ಅನ್ನುವ ಕೆಲಸವನ್ನು ಓದುಗರಿಗೆ ಬಿಡಿ.

ಈಗ ಆರನೇ ಪುಟಕ್ಕೆ ಬರುತ್ತೇನೆ.

ಅಲ್ಲಿ ನೀವು ತೆರಾದಾ ಹಿರೊವೊ ಅವರ ಹೆಸರು ತಂದಿದ್ದೀರಿ. ‘ಹಿರಿಯಣ್ಣನಂತಿದ್ದ ಇವರು ಅಕಾತ್ಸುಕಾ ಅವರಿಗೆ ಹಣ ಸಹಾಯ ಮಾಡಿದರು’ ಎಂದು ಬರೆದು ಮುಂದೆ ಹೋಗಿದ್ದೀರಿ. ಮುಂದೆ ಹೋಗಬೇಡಿ, ನಿಲ್ಲಿ. ನಿಮ್ಮ ಲೇಖನದ ಮನುಷ್ಯ ಇವರೇ.

ತೆರಾದಾ ನೀಗಾತಾದವರು. ಅಲ್ಲಿ ಕಂಪನಿಯ ಬೇಸ್‌ಬಾಲ್ ತಂಡದಲ್ಲಿ ಆಡುತ್ತಿದ್ದರು. ಆ ಕೆಲಸ ಬಿಟ್ಟು 1953ರ ಡಿಸೆಂಬರ್ 31ರಂದು ಟೋಕಿವಾ-ಸೋಗೆ ಬಂದರು. ಎಲ್ಲರೂ ‘ತೆರಾ-ಸಾನ್’ ಎಂದು ಕರೆದು, ಕಷ್ಟ ಬಂದಾಗಲೆಲ್ಲ ಬಾಗಿಲು ತಟ್ಟುತ್ತಿದ್ದ ಈ ಅಣ್ಣನಿಗೆ ಆಗ ವಯಸ್ಸು 22. ನಿಮ್ಮ ವಯಸ್ಸು 24 ಎಂದು ಬರೆದಿದ್ದೀರಿ. ಅವರು ನಿಮಗಿಂತ ಎರಡು ವರ್ಷ ಚಿಕ್ಕವರಾಗಿದ್ದರು. ಇದನ್ನು ಒಂದು ಕ್ಷಣ ಯೋಚಿಸಿ ನೋಡಿ. ಅವರೂ ಆಗತಾನೇ ಬರೆಯಲು ಶುರು ಮಾಡಿದವರು. ತನಗೇ ನೆಲೆ ಸಿಗದ ಹೊತ್ತಿನಲ್ಲಿ ಪಕ್ಕದ ಕೋಣೆಯವರ ಬಾಡಿಗೆಯ ಚಿಂತೆಯನ್ನೂ ಹಚ್ಚಿಕೊಂಡಿದ್ದರು. ಗುರುಕುಲ ಎಂಬ ಮಾತು ಇದಕ್ಕೆ ಹೊಂದುವುದಿಲ್ಲ. ಶೀರ್ಷಿಕೆ ಬದಲಿಸಿ.

ಆ ಮನೆಯ ಹುಡುಗರ ಬೇರು ‘ಮಾಂಗಾ ಶೋನೆನ್’ ಎಂಬ ಮಕ್ಕಳ ಪತ್ರಿಕೆಯಲ್ಲಿತ್ತು. 1947ರ ಕೊನೆಗೆ ಶುರುವಾಗಿ 1955ರಲ್ಲಿ ನಿಂತುಹೋಯಿತು. ಅದರಲ್ಲಿ ಓದುಗರು ಕಳಿಸಿದ ಚಿತ್ರಗಳಿಗೆ ಪುಟ ಇತ್ತು. ಊರೂರಿನ ಹುಡುಗರು ಅಲ್ಲಿಗೆ ಕಳಿಸಿ, ಹೆಸರು ಅಚ್ಚಾಗಿದೆಯಾ ಎಂದು ಕಾಯುತ್ತಿದ್ದರು. ತೆರಾದಾ ಕೂಡ ಹಾಗೆ ಕಳಿಸಿದವರೇ. ಆಮೇಲೆ ಅದೇ ಪತ್ರಿಕೆಯಲ್ಲಿ ಓದುಗರ ಚಿತ್ರಗಳನ್ನು ನೋಡಿ ತಿದ್ದುವ ಕೆಲಸವೂ ಅವರ ಪಾಲಿಗೆ ಬಂತು. ನನ್ನ ಮೇಜಿನ ಮೇಲೂ ದಿನಾ ಹೀಗೆ ಬಂದ ಕವರುಗಳಿರುತ್ತವೆ. ಅದಕ್ಕೇ ಇರಬೇಕು, ಈ ಭಾಗ ನನಗೆ ತುಂಬಾ ಹತ್ತಿರ.

1955ರ ಹೊಸವರ್ಷಕ್ಕೆ ಫುಜಿಕೊ ಜೋಡಿ ಊರಿಗೆ ಹೋಯಿತು. ಕೈತುಂಬಾ ಕೆಲಸ ಒಪ್ಪಿಕೊಂಡಿದ್ದರು. ಊರಲ್ಲಿ ಕೈ ಓಡಲಿಲ್ಲ. ಬೇಗ ಕಳಿಸಿ ಎಂದು ಪತ್ರಿಕೆಗಳಿಂದ ತಂತಿ ಮೇಲೆ ತಂತಿ ಬಂತು. ಕಂತುಗಳು ತಪ್ಪಿದವು. ಅದಾದ ಮೇಲೆ ಕೆಲಸ ಕೊಡುವವರೇ ಕಡಿಮೆಯಾದರು. ಇನ್ನು ಟೋಕಿಯೋ ಸಾಕು ಅನ್ನಿಸಿದ ಆ ಹೊತ್ತಿನಲ್ಲಿ, ವಾಪಸ್ ಬನ್ನಿ, ಮತ್ತೆ ಶುರು ಮಾಡಿ ಎಂದವರು ತೆರಾದಾ. ಅದೇ ಜೋಡಿಯಲ್ಲಿ ಫುಜಿಮೊತೊ ಮುಂದೆ ‘ಡೋರೆಮಾನ್’ ಬರೆದರು. ಇವತ್ತು ನಮ್ಮ ಮನೆಗಳಲ್ಲಿ ಮಕ್ಕಳು ಟಿವಿ ಮುಂದೆ ಕೂತು ನೋಡುವ ಅದೇ ನೀಲಿ ಬೆಕ್ಕು.

ಅಕಾತ್ಸುಕಾ ವಿಷಯ ಇನ್ನೂ ಗಟ್ಟಿ. ಅವರಿಗೆ ನಗಿಸುವ ಕಥೆ ಬರೆಯುವ ಆಸೆ. ಸಿಗುತ್ತಿದ್ದದ್ದು ಹುಡುಗಿಯರ ಪತ್ರಿಕೆಗಳ ಕಣ್ಣೀರ ಕಥೆ. ಸಾಕಾಯಿತು, ಇದನ್ನು ಬಿಟ್ಟು ಟೋಕಿಯೋದ ಶಿಂಜುಕುವಿನಲ್ಲಿ ಅಂಗಡಿ ಕೆಲಸಕ್ಕೆ ಸೇರುತ್ತೇನೆ ಎಂದು ತೆರಾದಾ ಬಳಿ ಬಂದರು. ತೆರಾದಾ 50,000 ಯೆನ್ ಕೈಗಿಟ್ಟರು. ಇದು ಮುಗಿಯುವ ತನಕ ಇಲ್ಲೇ ಇರು, ಮುಗಿದ ಮೇಲೆ ಎಲ್ಲಿಗೆ ಬೇಕಾದರೂ ಹೋಗು ಅಂದರು. ಆ ಮನೆಯ ಬಾಡಿಗೆ ಲೆಕ್ಕದಲ್ಲಿ ಅದು ಹದಿನಾರು ತಿಂಗಳಿಗಿಂತ ಜಾಸ್ತಿ.

ಇದರಲ್ಲಿ ನನಗೆ ದುಡ್ಡಿಗಿಂತ ಆ ಷರತ್ತು ದೊಡ್ಡದಾಗಿ ಕಾಣುತ್ತದೆ. ನೀನು ದೊಡ್ಡವನಾಗುತ್ತೀಯ ಎಂಬ ಭರವಸೆಯನ್ನು ಅವರು ಕೊಡಲಿಲ್ಲ. ಬಿಡಬೇಡ ಎಂದೂ ಅನ್ನಲಿಲ್ಲ. ಸ್ವಲ್ಪ ಕಾಲಾವಕಾಶ ಕೊಟ್ಟರು. ನೀವು ಮಾತ್ರ ತೆರಾದಾ ಬಾಯಲ್ಲಿ ‘ಕಲೆಯೇ ಬದುಕು, ಸೋಲೇ ಗೆಲುವಿನ ಮೆಟ್ಟಿಲು’ ಎಂದು ಅರ್ಧ ಪುಟ ಭಾಷಣ ಹಾಕಿದ್ದೀರಿ. ಅದು ಅವರ ಮಾತಲ್ಲ, ನಿಮ್ಮ ಕಲ್ಪನೆ. ಬದುಕಿ ಬಾಳಿದ ವ್ಯಕ್ತಿಯ ಬಾಯಲ್ಲಿ ಆಡದ ಮಾತು ಇಡಬಾರದು. ಅದೂ ಅಲ್ಲದೆ, ಆ ಭಾಷಣ ಬಂದ ಕೂಡಲೇ 50,000 ಯೆನ್ ಹಗುರಾಗಿಬಿಡುತ್ತದೆ.

ಅವರು ದುಡ್ಡಿನ ಜೊತೆ ಕಸುಬಿನ ಮಾತನ್ನೂ ಹೇಳುತ್ತಿದ್ದರು. ಅಕಾತ್ಸುಕಾ ಒಮ್ಮೆ ತಮ್ಮ ಕಥೆ ತೋರಿಸಿದಾಗ, ಒಂದರೊಳಗೆ ಬಹಳ ತುರುಕಿದ್ದೀಯ, ಇದರಲ್ಲಿ ಹಲವು ಕಥೆಗಳಿವೆ, ಒಂದನ್ನು ಇಟ್ಟುಕೋ ಎಂಬ ಅರ್ಥದಲ್ಲಿ ತಿಳಿಹೇಳಿದ್ದರು. ನಿಮ್ಮ ಹತ್ತು ಪುಟ ಓದುವಾಗ ನನಗೆ ಇದೇ ನೆನಪಾಯಿತು. ಮಾಂಗಾ ಚರಿತ್ರೆ, ತೆಜುಕಾ ಜೀವನ, ಆನಿಮೇಶನ್ ಉದ್ಯಮ, ನಮ್ಮಲ್ಲಿ ಕಾಮಿಕ್ಸ್ ಯಾಕೆ ಬೆಳೆಯಲಿಲ್ಲ, ಎಲ್ಲವೂ ಇದೆ. ನಾಲ್ಕು ಲೇಖನಕ್ಕೆ ಸಾಕು. ಒಂದನ್ನು ಇಟ್ಟುಕೊಳ್ಳಿ. 1958ರಲ್ಲಿ ಪತ್ರಿಕೆಯೊಂದರಲ್ಲಿ ಯಾರದೋ ಕಥೆ ಕೈಕೊಟ್ಟಾಗ ಇಶಿನೊಮೊರಿ ಪಕ್ಕದ ಕೋಣೆಯ ಅಕಾತ್ಸುಕಾ ಹೆಸರು ಹೇಳಿದರು. ಆ ಖಾಲಿ ಜಾಗಕ್ಕೆ ಬರೆದ ‘ನಾಮಾ-ಚಾನ್’ ಅವರನ್ನು ನಗೆಕಥೆಯ ದಾರಿಗೆ ಹಚ್ಚಿತು. ನಿಮ್ಮ ಲೇಖನದಲ್ಲಿ ಈ ಖಾಲಿ ಜಾಗವೂ ಇಲ್ಲ.

ಇನ್ನೊಂದು ದೊಡ್ಡ ಕೊರತೆ ಇದೆ. ಮನೆ ಕೆಡವಿದ 1982ಕ್ಕೆ ನಿಮ್ಮ ಕಥೆ ನಿಲ್ಲುತ್ತದೆ. ತೆರಾದಾ ಏನಾದರು? 1957ರಲ್ಲಿ ಮದುವೆಯಾಗಿ ಟೋಕಿವಾ-ಸೋ ಬಿಟ್ಟರು. ಬೇಸ್‌ಬಾಲ್ ಕಥೆಗಳಿಂದ ಹೆಸರು ಬಂತು. 1959ರಲ್ಲಿ ‘ಶೋನೆನ್ ಸಂಡೇ’ ವಾರಪತ್ರಿಕೆ ಶುರುವಾದಾಗ ಅವರ ‘ಸ್ಪೋರ್ಟ್ಸ್‌ಮನ್ ಕಿಂತಾರೊ’ ಅದರಲ್ಲಿತ್ತು. ಮಕ್ಕಳಿಗೆ ಕೊಡುವ ಕಥೆ ಶುಭ್ರವಾಗಿರಬೇಕು ಎಂಬುದು ಅವರ ನಂಬಿಕೆ. 1960ರ ದಶಕದಲ್ಲಿ ಪತ್ರಿಕೆಗಳು ಹೊಡೆದಾಟ, ರಕ್ತದ ಕಡೆ ತಿರುಗಿದವು. ಅವರು ತಿರುಗಲಿಲ್ಲ. 1970ರ ದಶಕದ ಶುರುವಿನಲ್ಲಿ ಬರೆಯುವುದನ್ನೇ ನಿಲ್ಲಿಸಿದರು. ಆಮೇಲೆ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬೀಳಲಿಲ್ಲ. 1981ರಲ್ಲಿ ತಮ್ಮನ್ನು ಬೆಳೆಸಿದ ‘ಮಾಂಗಾ ಶೋನೆನ್’ ಪತ್ರಿಕೆಯ ಚರಿತ್ರೆಯನ್ನು ಪುಸ್ತಕ ಮಾಡಿದರು. 1992ರಲ್ಲಿ ತೀರಿಕೊಂಡರು.

ಬಿಡಲು ಹೊರಟ ಇತರರನ್ನು ತಡೆದವರು ತಾವೇ ಬಿಟ್ಟರು. ನನಗೆ ಇದು ಇನ್ನೂ ನೋವು ಕೊಡುವ ವಿಷಯ. ಅದನ್ನು ನೀವು ವಿವರಿಸಬೇಕಿಲ್ಲ. ಯಾಕೆ ಎಂದು ತೀರ್ಪು ಕೊಡುವುದೂ ಬೇಡ. ಆದರೆ ಬರೆಯಲೇಬೇಕು. ಗೆದ್ದವರ ಪಟ್ಟಿ ಕೊಟ್ಟು ಮುಗಿಸಿದರೆ ಅವರಿಗೆ ಅನ್ಯಾಯವಾಗುತ್ತದೆ. ಆ ಮನೆಯನ್ನು ಇದ್ದ ಹಾಗೇ ಮತ್ತೆ ಕಟ್ಟಿ, 2020ರ ಜುಲೈ 7ರಂದು ಮ್ಯೂಸಿಯಂ ಆಗಿ ತೆರೆದಿದ್ದಾರೆ. ಅದು ಒಂದೆರಡು ಸಾಲಿನಲ್ಲಿ ಬಂದರೆ ಸಾಕು. ಕೊನೆಯ ಪ್ಯಾರಾ, ‘ಇಂದಿನ ಯುವಜನತೆ ಇದರಿಂದ ಕಲಿಯಬೇಕು’ ಎಂಬುದು ಪೂರ್ತಿ ಬೇಡ.

ಇಷ್ಟೆಲ್ಲ ಹೇಳಿದ್ದರಿಂದ ಬೇಸರವಾಗಿರಬಹುದು. ಆದರೆ ಜಪಾನಿನ ಯಾವುದೋ ಬಾಡಿಗೆ ಮನೆಯ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅನ್ನಿಸಿದ್ದು ನಿಮಗೆ. ಆರನೇ ಪುಟದ ಆ ನಾಲ್ಕು ಸಾಲಿನಲ್ಲಿ ನಿಮ್ಮ ಭಾಷೆ ತಾನಾಗಿಯೇ ಸರಳವಾಗಿದೆ, ಗಮನಿಸಿದ್ದೀರಾ? ಅಲ್ಲಿ ಒಂದು ಕಡೆಯೂ ನನ್ನ ಪೆನ್ಸಿಲ್ ಮುಟ್ಟಿಲ್ಲ.

ಲೇಖನದ ಜೊತೆಗಿದ್ದ ಚೀಟಿಯನ್ನೂ ಓದಿದೆ. ಮೂವರು ಸೇರಿ ಇರುವ ಪಿಜಿ ಕೋಣೆಯಲ್ಲಿ ರಾತ್ರಿ ಬರೆಯುತ್ತೀರಿ, ಇದೂ ಆಗದಿದ್ದರೆ ಬರೆಯುವುದನ್ನು ಬಿಡುತ್ತೀರಿ ಎಂದಿದೆ. ಅದಕ್ಕೆ ನನ್ನ ಉತ್ತರ ಇದು. ನಮ್ಮಲ್ಲಿ ಪ್ರತಿ ತಿಂಗಳು ಎರಡು ಪುಸ್ತಕ ಪರಿಚಯ ಬೇಕಾಗುತ್ತದೆ, ಒಂದೊಂದು 300 ಪದ. ಸಂಭಾವನೆ ಜಾಸ್ತಿ ಇಲ್ಲ, ಆದರೆ ತಪ್ಪದೆ ಬರುತ್ತದೆ. ಆರು ತಿಂಗಳು ಅದನ್ನು ನೀವು ಬರೆಯಿರಿ. ಆಮೇಲೆ ಬಿಡುವುದೋ ಇರುವುದೋ ನಿಮ್ಮಿಷ್ಟ. ಮೊದಲ ಎರಡು ಪುಸ್ತಕಗಳನ್ನು ಈ ಕವರಿನಲ್ಲೇ ಇಟ್ಟಿದ್ದೇನೆ. ತೆರಾ-ಸಾನ್ ಲೇಖನ 1,500 ಪದ ದಾಟದಂತೆ ತಿದ್ದಿ, ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕಳಿಸಿ.

ಇಂತಿ,
ಸಂಪಾದಕ