ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿದೆಯೇ?

ಓದುಗರ ಪ್ರಶ್ನೆ – ಉತ್ತರ: ವಿದೇಶ ವ್ಯಾಸಂಗ

ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್‌ಗೆ ಸೇರಿದವರಿಂದಲೂ ಅವರ ಮನೆಯವರಿಂದಲೂ ಬಂದ ಪತ್ರಗಳಲ್ಲಿ ಮೂರಕ್ಕೆ ಈ ಬಾರಿ ಉತ್ತರಿಸಲಾಗಿದೆ.

ಪ್ರಶ್ನೆ: ಸ್ನಾತಕೋತ್ತರ ಪದವಿಗಾಗಿ ಬರ್ಲಿನ್‌ಗೆ ಬಂದು ಒಂದು ವಾರವಾಯಿತು. ಸದ್ಯಕ್ಕೆ ದಿನಬಾಡಿಗೆಯ ಹಾಸ್ಟೆಲ್‌ನಲ್ಲಿದ್ದೇನೆ. ಬ್ಯಾಂಕಿನವರು ವಿಳಾಸ ನೋಂದಣಿಯ ಪತ್ರ ತನ್ನಿ ಎನ್ನುತ್ತಾರೆ, ನೋಂದಣಿಗೆ ಮನೆ ಬೇಕು, ಮನೆ ಕೊಡುವವರು ಇಲ್ಲಿನ ಬ್ಯಾಂಕ್ ಖಾತೆ ಇದೆಯೇ ಎಂದು ಕೇಳುತ್ತಾರೆ. ವೀಸಾಕ್ಕಾಗಿ ಮೊದಲೇ ತುಂಬಿಸಿಟ್ಟ ಬ್ಲಾಕ್ಡ್ ಅಕೌಂಟಿನ ಹಣ ಇನ್ನೂ ಕೈಗೆ ಬಂದಿಲ್ಲ. ಈ ನಡುವೆ ಒಬ್ಬರು ಒಳ್ಳೆಯ ಕೋಣೆಯ ಚಿತ್ರಗಳನ್ನು ಕಳಿಸಿ, ತಾವು ಬೇರೆ ದೇಶದಲ್ಲಿರುವುದರಿಂದ ಮುಂಗಡ ಹಾಕಿದರೆ ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸುವುದಾಗಿ ಹೇಳಿದ್ದಾರೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಕೊನೆಯ ವಿಷಯವನ್ನು ಮೊದಲು ಮುಗಿಸೋಣ. ಅವರಿಗೆ ಒಂದು ಯೂರೊ ಕೂಡ ಕಳಿಸಬೇಡಿ. ಒಳಗೆ ಕಾಲಿಟ್ಟು ನೋಡದ ಕೋಣೆಗೆ ಮುಂಗಡ ಕೇಳುವುದು, ಮಾಲೀಕರು ಎಲ್ಲೋ ದೂರದಲ್ಲಿರುವುದು, ಬೀಗದ ಕೈ ಅಂಚೆಯಲ್ಲಿ ಬರುವುದು, ಇವು ಮೂರೂ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಹಾಕುವ ಹಳೆಯ ಬಲೆಯ ಎಳೆಗಳು. ಕೋಣೆಯನ್ನು ನೀವೇ ನೋಡಬೇಕು, ಇಲ್ಲವೇ ನಂಬಿಕಸ್ಥರೊಬ್ಬರು ನಿಮ್ಮ ಪರವಾಗಿ ಹೋಗಿ ನೋಡಿರಬೇಕು.

ನೀವು ಹೇಳುವ ಸುತ್ತು ಬಿಡಿಸಲಾಗದ್ದಲ್ಲ. ಅದನ್ನು ಮನೆಯ ಕಡೆಯಿಂದ ಬಿಡಿಸುವುದು ಸುಲಭ, ಬ್ಯಾಂಕಿನ ಕಡೆಯಿಂದ ಕಷ್ಟ. ಸ್ಥಳೀಯ ಖಾತೆ ಇಲ್ಲದೆ ಬಾಡಿಗೆ ಕರಾರು ಆಗುವುದೇ ಇಲ್ಲವೆಂಬ ಕಾನೂನೇನೂ ಇಲ್ಲ, ಹೀಗಾಗಿ ಮೊದಲ ತಿಂಗಳ ಹಣವನ್ನು ಊರಿನ ಖಾತೆಯಿಂದ ಕೊಡಲು ಒಪ್ಪುವಂತೆ ಮಾಲೀಕರನ್ನು ಕೇಳಬಹುದು. ಆದರೆ ಮನೆ ಒಪ್ಪಿಕೊಳ್ಳುವ ಮುನ್ನ ಅವರನ್ನು ಒಂದು ಪ್ರಶ್ನೆ ಕೇಳಲೇಬೇಕು: ಇಲ್ಲಿ ವಿಳಾಸ ನೋಂದಾಯಿಸಿಕೊಳ್ಳಲು ಬಿಡುತ್ತೀರಾ? ನೋಂದಣಿಗೆ, ಅಂದರೆ ಎಲ್ಲರೂ ಆನ್‌ಮೆಲ್ಡುಂಗ್ ಎನ್ನುವ ಕೆಲಸಕ್ಕೆ, ಬಾಡಿಗೆ ಕರಾರೊಂದೇ ಸಾಲುವುದಿಲ್ಲ. ನೀವು ಇಂಥ ದಿನದಿಂದ ಇಲ್ಲಿ ವಾಸಕ್ಕೆ ಬಂದಿದ್ದೀರಿ ಎಂದು ಮನೆ ಕೊಟ್ಟವರು ಸಹಿ ಮಾಡಿದ ಪ್ರತ್ಯೇಕ ಪತ್ರ ಬೇಕು. ಅದನ್ನು ಕೊಡುವುದು ಅವರ ಕರ್ತವ್ಯ. ‘ಇರಬಹುದು, ಆದರೆ ನೋಂದಣಿ ಮಾತ್ರ ಬೇಡ’ ಎನ್ನುವವರ ಕೋಣೆ ಎಷ್ಟು ಅಗ್ಗವಾದರೂ ಕೆಲವೇ ದಿನಗಳ ತಂಗುದಾಣವಾದೀತೇ ಹೊರತು ಮನೆಯಾಗದು.

ವಾಸಕ್ಕೆ ಬಂದ 2 ವಾರಗಳೊಳಗೆ ನೋಂದಾಯಿಸಿಕೊಳ್ಳಬೇಕೆಂಬುದು ನಿಯಮ. ಬರ್ಲಿನ್‌ನಂಥ ಊರಿನಲ್ಲಿ ಪೌರಸೇವಾ ಕಚೇರಿಯಾದ ಬ್ಯೂರ್ಗರ್‌ಆಮ್ಟ್‌ನ ಅಪಾಯಿಂಟ್‌ಮೆಂಟ್ ಅಷ್ಟರೊಳಗೆ ಸಿಗುವುದೇ ಅಪರೂಪವೆಂದು ಅಲ್ಲಿನವರಿಗೂ ಗೊತ್ತಿದೆ. ನೀವಿರುವ ಬಡಾವಣೆಯ ಕಚೇರಿಯೇ ಆಗಬೇಕೆಂದಿಲ್ಲ, ನಗರದ ಯಾವ ಬ್ಯೂರ್ಗರ್‌ಆಮ್ಟ್‌ಗಾದರೂ ಹೋಗಬಹುದು. ಬೇರೆಯವರು ರದ್ದು ಮಾಡಿದ ಸಮಯಗಳು ಮತ್ತೆ ತೆರೆದುಕೊಳ್ಳುವುದರಿಂದ ದಿನವೂ ಕೆಲವು ಸಲ ಜಾಲತಾಣ ನೋಡುತ್ತಿರಿ. ಸಿಕ್ಕ ದಿನಾಂಕ ಗಡುವಿನ ಆಚೆಗಿದ್ದರೂ ಕಾಯ್ದಿರಿಸಿದ ದೃಢೀಕರಣವನ್ನು ಉಳಿಸಿಕೊಳ್ಳಿ, ತಡ ನಿಮ್ಮದಲ್ಲವೆಂದು ತೋರಿಸಲು ಅದು ಬೇಕಾಗುತ್ತದೆ.

ಇನ್ನು ಹಣ. 2024ರ ಸೆಪ್ಟೆಂಬರ್‌ನಿಂದ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೊ ತೋರಿಸಬೇಕಾಗಿದೆ. ಅದು ಒಟ್ಟಾಗಿ ಕೈಗೆ ಬರುವುದಿಲ್ಲ, ತಿಂಗಳಿಗೆ 992 ಯೂರೊನಂತೆ ನಿಮ್ಮ ಹೆಸರಿನ ಚಾಲ್ತಿ ಖಾತೆಗೆ ಬರುತ್ತದೆ. ನೋಂದಣಿ ಪತ್ರ ಕೇಳದೆ ಪಾಸ್‌ಪೋರ್ಟ್ ಮೇಲೆಯೇ ಖಾತೆ ತೆರೆಯುವ ಆನ್‌ಲೈನ್ ಬ್ಯಾಂಕುಗಳೂ ಇವೆ, ಒಮ್ಮೆ ವಿಚಾರಿಸಿ. ಮೊದಲ ಕಂತು ಬರುವ ತನಕದ ವಾರಗಳಿಗೆ ಊರಿನ ಕಾರ್ಡಿನಲ್ಲಿ ಹಣ ಇರಲೇಬೇಕು, ಏಕೆಂದರೆ ಮನೆಯ ಡೆಪಾಸಿಟ್ ಕಟ್ಟಬೇಕಾಗಿ ಬರುವುದು ಆ ಹೊತ್ತಿಗೇ. ಡೆಪಾಸಿಟ್ಟು ಮೂರು ತಿಂಗಳ ‘ತಣ್ಣನೆಯ ಬಾಡಿಗೆ’ಯನ್ನು, ಎಂದರೆ ಬಿಸಿಮಾಡುವ ವೆಚ್ಚ ಮುಂತಾದವು ಸೇರದ ಮೂಲ ಬಾಡಿಗೆಯನ್ನು, ಮೀರುವಂತಿಲ್ಲ. ಅದನ್ನು ಮೂರು ತಿಂಗಳ ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗೆ ಇದೆ. ಹೊಸಬರು ಇದನ್ನು ಕೇಳಲು ಸಂಕೋಚಪಡುತ್ತಾರೆ. ಸಂಕೋಚ ಬೇಡ. ಕೋಣೆ ವಶಕ್ಕೆ ಪಡೆಯುವ ದಿನ ಗೋಡೆಯ ಕಲೆ, ನೆಲದ ಗೀರು, ಸರಿಯಾಗಿ ಮುಚ್ಚದ ಕಿಟಕಿ ಎಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆಸಿ ಫೋಟೊ ತೆಗೆದಿಟ್ಟರೆ, ಹೊರಡುವಾಗ ಡೆಪಾಸಿಟ್ಟಿಗಾಗಿ ವಾದಿಸುವ ಪ್ರಮೇಯ ಕಡಿಮೆ.

ಮನೆ ಸಿಕ್ಕಿತೆನ್ನಿ. ಆ ಸಂಜೆಯೇ ಕೆಳಗೆ ಹೋಗಿ ಅಂಚೆಪೆಟ್ಟಿಗೆಯ ಮೇಲೂ ಕರೆಗಂಟೆಯ ಪಕ್ಕದಲ್ಲೂ ನಿಮ್ಮ ಹೆಸರನ್ನು ಅಂಟಿಸಿ. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟಿನ ಸಂಖ್ಯೆ ಇರುವುದಿಲ್ಲ, ಅಂಚೆಯವರು ಹೆಸರು ನೋಡಿಯೇ ಪೆಟ್ಟಿಗೆಗೆ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತದೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿದ್ದರೆ ಅದೂ ಪೆಟ್ಟಿಗೆಯ ಮೇಲಿರಲಿ, ಕಚೇರಿಗಳು ಬರೆಯುವುದು ಆ ಹೆಸರಿಗೇ. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ತೆರಿಗೆ ಗುರುತಿನ ಸಂಖ್ಯೆ ಮತ್ತೊಂದರಲ್ಲಿ ಬರುತ್ತದೆ. ರೇಡಿಯೊ–ಟಿವಿ ಶುಲ್ಕದ ಪತ್ರವನ್ನೂ ಕಸವೆಂದು ಎಸೆಯಬೇಡಿ. ಟಿವಿ ಇಲ್ಲದಿದ್ದರೂ ತಿಂಗಳಿಗೆ 18.36 ಯೂರೊ ಕಟ್ಟಬೇಕು, ಆದರೆ ಅದು ಒಂದು ಮನೆಗೆ ಒಂದೇ. ಜೊತೆಯಲ್ಲಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕಸಂಖ್ಯೆ ತಿಳಿಸಿ ಪಾಲು ಹಂಚಿಕೊಂಡರೆ ಆಯಿತು.

ಆರೋಗ್ಯ ವಿಮೆಯಲ್ಲಿ ಅವಸರ ಬೇಡ. ಪ್ರಯಾಣಕ್ಕೆಂದು ತಂದ ವಿಮೆ ವಿಶ್ವವಿದ್ಯಾಲಯದ ದಾಖಲಾತಿಗೆ ನಡೆಯುವುದಿಲ್ಲ. 30 ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯಲ್ಲಿ ವಿದ್ಯಾರ್ಥಿ ದರ ಸಿಗುತ್ತದೆ. ಅಗ್ಗವೆಂದು ಖಾಸಗಿ ವಿಮೆ ಆರಿಸಿಕೊಂಡು ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆದರೆ ಆ ತೀರ್ಮಾನವನ್ನು ಓದು ಮುಗಿಯುವವರೆಗೆ ಹಿಂತೆಗೆದುಕೊಳ್ಳಲಾಗದು. ನಾನಂತೂ ಸಾರ್ವಜನಿಕ ವಿಮೆಯನ್ನೇ ಆರಿಸಿ ಎನ್ನುತ್ತೇನೆ. ಕೊನೆಯದಾಗಿ, ವೀಸಾ ಮುಗಿಯುವ ದಿನಾಂಕ ನೋಡಿಕೊಂಡು ಅದಕ್ಕೆ ಮೊದಲೇ ನಿವಾಸ ಪರವಾನಗಿಗೆ ಅರ್ಜಿ ಹಾಕಿ. ಅರ್ಜಿ ಸಮಯದೊಳಗೆ ಸೇರಿದ್ದರೆ, ವಿದೇಶಿಯರ ಕಚೇರಿಯ ತೀರ್ಮಾನ ತಡವಾದರೂ ಅಲ್ಲಿಯವರೆಗೆ ನಿಮ್ಮ ವಾಸ ಕಾನೂನುಬದ್ಧವಾಗಿಯೇ ಇರುತ್ತದೆ.

ಪ್ರಶ್ನೆ: ನನ್ನ ಮಗ ಮೊನ್ನೆಯಷ್ಟೇ ಜರ್ಮನಿಗೆ ಹೋಗಿದ್ದಾನೆ. ಶಿಕ್ಷಣ ಸಾಲದ ಹೊರೆ ಇಳಿಸಬೇಕೆಂದು ಮೊದಲ ವಾರದಿಂದಲೇ ಕೆಲಸ ಹುಡುಕುತ್ತಿದ್ದಾನೆ, ಊಟ ತಲುಪಿಸುವ ಕೆಲಸವೊಂದು ಸಿಗುವಂತಿದೆಯಂತೆ. ತಂದೆಯಾಗಿ ನಾನು ಏನು ಹೇಳಲಿ?

ಉತ್ತರ: ಬೇಡ ಎನ್ನುವ ಬದಲು ಮೊದಲ ಸೆಮಿಸ್ಟರ್ ನೋಡಿಕೊಂಡು ಮಾಡು ಎನ್ನಿ. 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದೊಳಗಿನ ವಿದ್ಯಾರ್ಥಿ ಸಹಾಯಕನ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಓದಿಗೂ ಹತ್ತಿರವಾದ ಆ ಕೆಲಸವನ್ನು ಎರಡನೆಯ ಸೆಮಿಸ್ಟರ್‌ನಲ್ಲಿ ಹುಡುಕುವುದು ಜಾಣತನ. ಊಟ ತಲುಪಿಸುವ ಕೆಲಸದಲ್ಲಿ ಒಂದನ್ನು ಮಾತ್ರ ಖಚಿತಪಡಿಸಿಕೊಳ್ಳಲಿ: ಅವನನ್ನು ನೌಕರನೆಂದು ಸೇರಿಸಿಕೊಳ್ಳುತ್ತಾರೋ, ಸ್ವಂತ ಉದ್ಯೋಗಿ ಎಂದು ಬರೆಸಿಕೊಳ್ಳುತ್ತಾರೋ? ವಿದ್ಯಾರ್ಥಿ ಪರವಾನಗಿಯ ಮೇಲೆ ಪ್ರತ್ಯೇಕ ಅನುಮತಿಯಿಲ್ಲದೆ ಸ್ವಂತ ಉದ್ಯೋಗ ಮಾಡುವಂತಿಲ್ಲ.

ಸಂಬಳಕ್ಕಿಂತ ನನಗೆ ಚಿಂತೆಯಾಗುವುದು ಪರೀಕ್ಷೆಯದು. ಅಲ್ಲಿ ತರಗತಿಗೆ ಹೋದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರುವುದಿಲ್ಲ. ಒಂದೊಂದು ವಿಷಯಕ್ಕೂ ಗಡುವಿನೊಳಗೆ ತಾನೇ ನೋಂದಾಯಿಸಿಕೊಳ್ಳಬೇಕು, ಯಾರೂ ನೆನಪಿಸುವುದಿಲ್ಲ. ಕಡ್ಡಾಯ ಪರೀಕ್ಷೆಯೊಂದರಲ್ಲಿ ಅನುಮತಿಸಿದ ಅವಕಾಶಗಳೆಲ್ಲ ಮುಗಿದರೆ ಸಾಮಾನ್ಯವಾಗಿ ಅದೇ ಕೋರ್ಸನ್ನು ಆ ದೇಶದ ಇನ್ನೊಂದು ವಿಶ್ವವಿದ್ಯಾಲಯದಲ್ಲೂ ಮುಂದುವರಿಸಲಾಗದು. ಅಂದಹಾಗೆ, ಅಂಕ ನೋಡಿ ಗಾಬರಿಯಾಗಬೇಡಿ. 1.0 ಅತ್ಯುತ್ತಮ, 4.0 ಎಂದರೆ ಹೇಗೋ ತೇರ್ಗಡೆ.

ಪ್ರಶ್ನೆ: ಮೂವರೊಡನೆ ಒಂದೇ ಫ್ಲಾಟ್‌ನಲ್ಲಿದ್ದೇನೆ, ಎಲ್ಲರೂ ಬಾಗಿಲು ಮುಚ್ಚಿಕೊಂಡಿರುತ್ತಾರೆ. ಭಾನುವಾರ ಬೀದಿಯಲ್ಲೂ ಸದ್ದಿಲ್ಲ. ನಾನೇನಾದರೂ ತಪ್ಪು ಮಾಡಿದೆನೇ?

ಉತ್ತರ: ತಪ್ಪೇನೂ ಆಗಿಲ್ಲ. ಮುಚ್ಚಿದ ಬಾಗಿಲು ಅಲ್ಲಿ ಮುನಿಸಿನ ಗುರುತಲ್ಲ. ಭಾನುವಾರ ಅಂಗಡಿಗಳು ಕಾನೂನಿನಂತೆಯೇ ಮುಚ್ಚಿರುತ್ತವೆ, ರೈಲು ನಿಲ್ದಾಣದಲ್ಲಿನಂಥ ಕೆಲವು ಮಾತ್ರ ತೆರೆದಿರುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡದಿರುವುದು ಸಾಮಾನ್ಯ ನಿಯಮ. ಫ್ಲಾಟಿನವರೊಡನೆ ಮಾತಿಗೆ ಅಡುಗೆಮನೆಯೇ ಸರಿಯಾದ ಜಾಗ: ಸ್ವಚ್ಛತೆಯ ಸರದಿಪಟ್ಟಿಯಲ್ಲಿ ನಿಮ್ಮ ವಾರ ಯಾವುದು, ಯಾವ ಕಸ ಯಾವ ಬಣ್ಣದ ಡಬ್ಬಿಗೆ ಎಂದು ಕೇಳಿ. ಕಸದ ವಿಚಾರದಲ್ಲಿ ಉತ್ತರ ಬೇಕಾದ್ದಕ್ಕಿಂತ ಉದ್ದವಾಗಿಯೇ ಬರುತ್ತದೆ. ಒಟ್ಟಿಗೆ ಅಡುಗೆ ಮಾಡೋಣ ಎನ್ನುವುದಾದರೆ ದಿನ, ಗಂಟೆ ಹೇಳಿ ಕರೆಯಿರಿ. ‘ಯಾವಾಗಲಾದರೂ’ ಎಂಬ ಆಹ್ವಾನವನ್ನು ಅಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಗೆಳೆತನಕ್ಕೆ ಫ್ಲಾಟನ್ನೇ ನೆಚ್ಚಬೇಡಿ. ತರಗತಿ ಆರಂಭಕ್ಕೆ ಮುನ್ನ ವಿಭಾಗದ ವಿದ್ಯಾರ್ಥಿ ಮಂಡಳಿ ನಡೆಸುವ ಪರಿಚಯ ವಾರವನ್ನು ತಪ್ಪಿಸಬೇಡಿ, ಮುಂದಿನ ಎರಡು ವರ್ಷ ಟಿಪ್ಪಣಿ ಹಂಚಿಕೊಳ್ಳುವ ಗುಂಪುಗಳು ಹುಟ್ಟುವುದು ಅಲ್ಲೇ. ವಿಶ್ವವಿದ್ಯಾಲಯದ ಕ್ರೀಡಾ ತರಗತಿಗಳಿಗೆ ಶುಲ್ಕ ಕಡಿಮೆ, ಆದರೆ ನೋಂದಣಿ ತೆರೆದ ಕೆಲವೇ ನಿಮಿಷಗಳಲ್ಲಿ ತುಂಬಿಹೋಗುವುದೂ ಉಂಟು. ನಮ್ಮವರ ವಾಟ್ಸ್ಆ್ಯಪ್ ಗುಂಪು ಕೋಣೆ ಹುಡುಕಲು, ಸೈಕಲ್ ಕೊಳ್ಳಲು ಬಹಳ ಉಪಯುಕ್ತ. ಸಂಜೆಗಳೆಲ್ಲ ಅಲ್ಲೇ ಕಳೆದರೆ ಮಾತ್ರ ಜರ್ಮನ್ ಭಾಷೆ ಬಾಯಿಗೆ ಬರುವುದು ತಡವಾಗುತ್ತದೆ. ನಿದ್ದೆ, ಊಟ ಕೆಡುವಷ್ಟು ಮನಸ್ಸು ಕುಗ್ಗಿದ್ದರೆ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಸ್ಟುಡಿಯೆರೆಂಡನ್‌ವೆರ್ಕ್‌ನ ಆಪ್ತಸಮಾಲೋಚಕರನ್ನು ಕಾಣಿ. ಹಲವು ಊರುಗಳಲ್ಲಿ ಇಂಗ್ಲಿಷಿನಲ್ಲೂ ಮಾತನಾಡಬಹುದು. ತುರ್ತು ಸಂದರ್ಭಕ್ಕೆ 112, ತುರ್ತಲ್ಲದಿದ್ದರೂ ಕಾಯಲಾಗದ ಜ್ವರ–ನೋವಿಗೆ ವೈದ್ಯರ ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ 116117. ಈ ಎರಡನ್ನೂ ಇವತ್ತೇ ಫೋನಿನಲ್ಲಿ ಸೇರಿಸಿಕೊಳ್ಳಿ.