ನಿಕಲ್-ಕ್ರೋಮಿಯಂ ಹಲ್ಲಿನ ಬ್ರಿಡ್ಜ್‌ನ ಬೆಸುಗೆ ಬಿಟ್ಟುಕೊಳ್ಳುವ ಬಗ್ಗೆ

ಬ್ರಿಡ್ಜ್ (ಇಲ್ಲದ ಹಲ್ಲಿನ ಜಾಗ ತುಂಬುವ ಸ್ಥಿರ ಹಲ್ಲುಕಟ್ಟು) ಬೆಸೆಯುವಾಗ ನಿಮಗಾದ ತೊಂದರೆಯ ಬಗ್ಗೆ ಕೇಳಿದ್ದೀರಿ. ಬೆಸುಗೆ ಹರಿಯದೆ ಉಂಡೆಗಟ್ಟಿ, ತಣಿದ ಮೇಲೆ ಬೆರಳಿನ ಒತ್ತಡಕ್ಕೇ ಬಿಟ್ಟುಕೊಳ್ಳಲು ನೀವು ಬಳಸಿದ ಬೊರಾಕ್ಸ್ ಫ್ಲಕ್ಸ್ (ಲೋಹದ ಮೇಲಿನ ಆಕ್ಸೈಡ್ ಕರಗಿಸಿ ಬೆಸುಗೆ ಹರಿಯುವಂತೆ ಮಾಡುವ ವಸ್ತು) ಕಾರಣವಾಗಿರಬೇಕು. ಚಿನ್ನದ ಮಿಶ್ರಲೋಹಕ್ಕೆ ಸಾಕಾಗುವ ಅದು ಕ್ರೋಮಿಯಂ ಆಕ್ಸೈಡ್ ಪದರವನ್ನು ಕರಗಿಸಲಾರದು. ಮುರಿದ ಮುಖವನ್ನು ನೋಡದೆ ಖಚಿತವಾಗಿ ಹೇಳಲಾಗದು: ಅದು ಕಪ್ಪಾಗಿದ್ದರೆ ಆಕ್ಸೈಡ್, ತೂತುತೂತಾಗಿದ್ದರೆ ಅತಿಯಾದ ಕಾವು ಎಂದು ತಿಳಿಯಿರಿ.

ಮೊದಲು ಬೆಸೆಯಬೇಕಾದ ಎರಡೂ ಮುಖಗಳನ್ನು ಹೊಳಪು ಬರಿಸದೆ ಕಲ್ಲಿನಿಂದ ಉಜ್ಜಿ, ನಡುವೆ ಸುಮಾರು 0.2ರಿಂದ 0.3 ಮಿ.ಮೀ. ಸಮನಾದ ಅಂತರ ಉಳಿಸಿ. ಮುಖಗಳು ತಾಗಿಕೊಂಡಿದ್ದರೆ ಕಾದಾಗ ಹಿಗ್ಗಿ ಬ್ರಿಡ್ಜ್ ವಕ್ರವಾಗುತ್ತದೆ, ಅಂತರ ಹೆಚ್ಚಾದರೆ ಬೆಸುಗೆ ಕುಗ್ಗುವಾಗ ಘಟಕಗಳನ್ನು ಒಳಕ್ಕೆಳೆಯುತ್ತದೆ. ರೆಸಿನ್‌ನಿಂದ ಜೋಡಿಸಿ, ಕಾವು ತಡೆಯುವ ಅಚ್ಚಿನ ಗಾರೆಯಾದ ಸೋಲ್ಡರಿಂಗ್ ಇನ್ವೆಸ್ಟ್‌ಮೆಂಟ್‌ನಲ್ಲಿ ಕೂರಿಸಿ, ರೆಸಿನ್ ಶೇಷವಿಲ್ಲದಂತೆ ಸುಟ್ಟುಹೋದ ಬಳಿಕ ಫ್ಲೋರೈಡ್ ಇರುವ ಫ್ಲಕ್ಸ್ ಹಚ್ಚಿ. ಅದರ ಹೊಗೆ ವಿಷಕಾರಿಯಾದ್ದರಿಂದ ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಈ ಕೆಲಸ ಬೇಡ. ಬೆಸುಗೆ ಹರಿಯಬಾರದ ಕಡೆ ಪೆನ್ಸಿಲ್‌ನ ಗ್ರಾಫೈಟ್ ಗೆರೆ ಎಳೆದರೆ ಸಾಕು.

ಬೆಸುಗೆಯ ಕರಗುವ ತಾಪ ಬ್ರಿಡ್ಜ್‌ನ ಲೋಹದ ಚೌಕಟ್ಟಿನದಕ್ಕಿಂತ ಕನಿಷ್ಠ 50 ಡಿಗ್ರಿ ಸೆಲ್ಸಿಯಸ್ ಕಡಿಮೆಯಿರಲಿ. ಜ್ವಾಲೆಯ ಒಳಗಿನ ನೀಲಿ ಶಂಕುವಿನ ತುದಿಯಾಚೆಯ ಭಾಗದಿಂದ ಬೆಸುಗೆಯನ್ನಲ್ಲ, ಲೋಹವನ್ನು ಕಾಯಿಸಿ, ಏಕೆಂದರೆ ಬೆಸುಗೆ ಸದಾ ಹೆಚ್ಚು ಕಾದ ಕಡೆಗೇ ಹರಿಯುತ್ತದೆ. ಅದು ಹರಿದು ತುಂಬಿದೊಡನೆ ಜ್ವಾಲೆ ತೆಗೆದು, ನೀರಿಗೆ ಹಾಕದೆ ಮೇಜಿನ ಮೇಲೆಯೇ ತಣಿಯಲು ಬಿಡಿ.